ಹದ್ದಿಗೆ ಇಟ್ಟ ಎಡೆ

ನದಿ ಎರಡು ಬಂಡೆಗುಡ್ಡಗಳ ನಡುವೆ ಮೈ ಕಿರಿದು ಮಾಡಿಕೊಂಡು ನುಸುಳುವ ಕಡೆ ಒಂದು ಆಶ್ರಮವಿದೆ. ಆಶ್ರಮ ಎನ್ನುವುದು ಊರವರ ಉದಾರ ಮಾತು. ಇರುವುದು ಒಂದು ತಗಡಿನ ಚಪ್ಪರ, ಒಂದು ಬೇವಿನ ಮರ, ಅದರ ಬುಡದಲ್ಲಿ ರೇವಯ್ಯ ಎಂಬ ಮುದುಕರು.

ರೇವಯ್ಯನವರು ಪ್ರಾಯದಲ್ಲಿ ಸೈನ್ಯದ ಕಾವಲಿಗಿದ್ದವರು. ಗಡಿಯ ಗುಡ್ಡದ ತುದಿಯಲ್ಲಿ ಕೂತು, ತಗ್ಗಿನಲ್ಲಿ ಹಾರಿ ಬರುವ ವಿಮಾನ ನಮ್ಮದೋ ಪರರದೋ ಎಂದು ಬರಿಗಣ್ಣಿನಲ್ಲಿ ಗುರುತಿಸಿ ರೇಡಿಯೊದಲ್ಲಿ ಹೇಳುವ ಕೆಲಸ. ಯುದ್ಧ ಮುಗಿಯಿತು, ನೌಕರಿ ಮುಗಿಯಿತು, ಆಕಾಶ ನೋಡುವ ಚಟ ಮಾತ್ರ ಮುಗಿಯಲಿಲ್ಲ.

ಈ ಕಣಿವೆಯನ್ನು ಹುಡುಕಿಕೊಂಡು ಬಂದದ್ದೂ ಅದಕ್ಕೇ. ಎಲ್ಲೋ ದೂರದ ನೆಲೆಯಿಂದ ವಾಯುಪಡೆಯ ತರಬೇತಿ ವಿಮಾನಗಳು ಆಗಾಗ ಬೆಳಗಿನ ಹೊತ್ತು ಜೋಡಿಯಾಗಿ ಬರುತ್ತವೆ. ಮೊದಲು ಎತ್ತರದಲ್ಲಿ ಹಾದುಹೋಗಿ, ದಿಗಂತದಲ್ಲಿ ತಿರುಗಿ, ಆಮೇಲೆ ನದಿಗುಂಟ ಕೆಳಗಿಳಿದು ಗುಡ್ಡಗಳ ನಡುವೆ ತೂರುತ್ತವೆ. ಗುಡ್ಡದ ತುದಿಯಲ್ಲಿ ಕೂತವನಿಗೆ ವಿಮಾನದ ಬೆನ್ನು ಕಾಣುತ್ತದೆ.

ವೇದಾಂತ ಕೇಳಲು ಬಂದವರಿಗೆ ರೇವಯ್ಯ ಅಂಬಲಿ ಕೊಟ್ಟು ಕಳಿಸಿಬಿಡುತ್ತಿದ್ದರು. ಕ್ಯಾಮೆರಾ ಹಿಡಿದು ಬಂದವರನ್ನು ಕೂರಿಸಿಕೊಳ್ಳುತ್ತಿದ್ದರು. ಅವರಿಗೆ ಒಂದೇ ಕಟ್ಟಳೆ.

"ನೆಲೆಯ ಬೇಲಿ ಹತ್ರ ಹೋಗಬಾರದು. ಅದು ಅವರ ಮನಿ. ಇಲ್ಲಿಗೆ ಅವರೇ ಬರ್ತಾರ, ಬಂದಾಗ ನೋಡ್ರಿ."

ಬಹಳ ಮಂದಿ ಬಂದರು, ಬಿಸಿಲಿಗೆ ಬೆವರಿ ಹೋದರು. ಇಂದುಧರ ಒಬ್ಬ ಉಳಿದ.

ಇಂದುಧರ ಪಟ್ಟಣದಲ್ಲಿ ಮದುವೆಗಳ ಫೋಟೊ ತೆಗೆಯುವವನು. ಅಕ್ಷತೆ ಬೀಳುವ ಗಳಿಗೆಯನ್ನು ಎಂದೂ ತಪ್ಪಿಸದವನು ಎಂದು ಹೆಸರಿತ್ತು. ಆದರೆ ನಗು ಎಂದರೆ ನಗುವ, ತಿರುಗು ಎಂದರೆ ತಿರುಗುವ ಮುಖಗಳು ಅವನಿಗೆ ಸಾಕಾಗಿದ್ದವು. ಯಾರ ಮಾತೂ ಕೇಳದ, ಯಾರಿಗೂ ಕಾಯದ ಒಂದನ್ನು ಹಿಡಿಯಬೇಕು ಎಂಬ ಹುಚ್ಚು ಹಿಡಿದು ಬಂದಿದ್ದ.

"ಅಜ್ಜಾರ, ನನಗ ನೋಡೂದು ಕಲಿಸ್ರಿ" ಎಂದ.

"ಮೊದಲ ಕ್ಯಾಮೆರಾ ಚೀಲದಾಗ ಇಡು" ಎಂದರು ರೇವಯ್ಯ.

ಮೊದಲ ದಿನ ವಿಮಾನ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಗುಡ್ಡ ಬಿರಿಯುವಂಥ ಸದ್ದು ಕೇಳಿ ಇಂದುಧರ ತಿರುಗಿದಾಗ ಕಣಿವೆ ಖಾಲಿ ಇತ್ತು.

"ಸಪ್ಪಳ ಕೇಳಿದ ಕೂಡಲೇ ತಿರುಗಿದ್ನಿರಿ. ಅಷ್ಟರಾಗ ಹೋಗೇಬಿಟ್ಟಿತ್ತು."

"ಸಪ್ಪಳ ಅಂದ್ರ ಅದರ ಬಾಲ. ಬಾಲ ಹಿಡದು ಎತ್ತು ಕಟ್ಟತಿ ಏನು?"

"ಮತ್ತ ಏನು ಕೇಳಬೇಕ್ರಿ?"

ರೇವಯ್ಯ ಆಚೆ ದಂಡೆಯ ಕಡೆ ಬೆರಳು ಮಾಡಿದರು. ನದಿಯ ಮೇಲಿನ ತಿರುವಿನಲ್ಲಿ ಕುರಿಹಿಂಡು ಮೇಯುತ್ತಿತ್ತು.

"ಅವನ್ನ ಕೇಳು."

ಕುರಿ ಏನು ಹೇಳೀತು ಎಂದು ಇಂದುಧರನಿಗೆ ಒಳಗೊಳಗೇ ನಗು ಬಂತು. ಕೆಲವು ದಿನ ಹೋದ ಮೇಲೆ ನಗು ನಿಂತಿತು. ವಿಮಾನ ತಿರುವು ದಾಟುವ ಮೊದಲೇ ಅಲ್ಲಿನ ಕುರಿಗಳೆಲ್ಲ ಹುಲ್ಲು ಬಿಟ್ಟು ಒಟ್ಟಿಗೆ ತಲೆ ಎತ್ತುತ್ತಿದ್ದವು. ಅಷ್ಟು ಸಮಯ ಸಿಕ್ಕರೆ ತಯಾರಾಗಲು ಬೇಕಾದಷ್ಟಾಯಿತು.

ಆಮೇಲೆ ಕ್ಯಾಮೆರಾ ಚೀಲದಿಂದ ಹೊರಬಂತು. ಚಿತ್ರಗಳೂ ಬಂದವು. ವಿಮಾನದ ಬೆನ್ನು, ರೆಕ್ಕೆ, ಗಾಜಿನ ಗುಮ್ಮಟದ ಮೇಲೆ ಬಿದ್ದ ಬಿಸಿಲು, ಎಲ್ಲ ಚಾಕುವಿನಲ್ಲಿ ಕೊರೆದ ಹಾಗೆ ಸ್ಪಷ್ಟ.

ರೇವಯ್ಯ ನೋಡಿದರು. "ಚಲೋ ಅದ."

"ಇದಕ್ಕಿಂತ ಚಲೋ ಹ್ಯಾಂಗ ತಗೀಲಿರಿ?"

"ಇದಕ್ಕಿಂತ ಚಲೋ ಯಾಕ ಬೇಕು?"

"ಇಂಥಾವು ಎಲ್ಲಾರ ಹತ್ರಾನೂ ಅವರಿ."

"ಎಲ್ಲಾರಿಗೂ ಮೂಗೂ ಅದ" ಎಂದು ಹೇಳಿ ರೇವಯ್ಯ ಅಂಬಲಿ ಕಾಸಲು ಎದ್ದುಹೋದರು.

ಇಂದುಧರನಿಗೆ ಸಮಾಧಾನವಾಗಲಿಲ್ಲ. ದೊಡ್ಡ ಊರಿನ ಪ್ರದರ್ಶನವೊಂದಕ್ಕೆ ಚಿತ್ರ ಕಳಿಸಿದ್ದ. "ವಿಮಾನ ಚೆನ್ನಾಗಿದೆ, ಚಿತ್ರ ಎಲ್ಲಿ?" ಎಂದು ಅವರು ಕೇಳಿದ್ದರು. ಆ ಮಾತು ಅವನಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಕಾಡುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ, ಅವನು ಗುಂಡಿ ಒತ್ತುವ ಹೊತ್ತಿಗೆ, ಒಂದು ಹದ್ದು ತಾನಾಗಿ ಚೌಕಟ್ಟಿನೊಳಗೆ ಬಂತು. ಮಸುಕಾಗಿ, ಒಂದು ಮೂಲೆಯಲ್ಲಿ, ಅರ್ಧ ರೆಕ್ಕೆ ಮಾತ್ರ. ಇಂದುಧರ ಆ ಚಿತ್ರವನ್ನು ದಿನವೆಲ್ಲ ನೋಡಿದ. ಹದ್ದು ನಡುವಿಗೆ ಬಂದಿದ್ದರೆ? ವಿಮಾನದ ರೆಕ್ಕೆಯ ಪಕ್ಕದಲ್ಲೇ ಹದ್ದಿನ ರೆಕ್ಕೆ ಬಿಚ್ಚಿದ್ದರೆ? ಅಂದಿನಿಂದ ಅವನಿಗೆ ಬೇರೆ ಯೋಚನೆ ಇಲ್ಲ. ಚಿತ್ರಕ್ಕೆ ಹೆಸರು, ಚೌಕಟ್ಟು, ನೇತುಹಾಕುವ ಗೋಡೆ, ಎಲ್ಲ ಮನಸ್ಸಿನಲ್ಲಿ ಸಿದ್ಧವಾದವು. ಚಿತ್ರವೊಂದು ಬಾಕಿ.

"ಅಜ್ಜಾರ, ವಿಮಾನ ಬರೂ ಹೊತ್ತಿಗೆ ಹದ್ದೂ ಬರಬೇಕಂದ್ರ ಏನು ಮಾಡಬೇಕ್ರಿ?"

"ಕಾಯಬೇಕು."

"ಕಾದೂ ಬರದಿದ್ರ?"

"ಕಾದಂಗ ಆತು."

ಇಂದುಧರ ಕಾದ. ಹದ್ದು ಬಂದ ದಿನ ವಿಮಾನವಿಲ್ಲ, ವಿಮಾನ ಬಂದ ದಿನ ಹದ್ದಿಲ್ಲ. ಮದುವೆ ಮನೆಯಲ್ಲಾದರೆ ಗಂಡಿನ ಕಡೆಯವರಿಗೆ ಒಂದು ಮಾತು, ಹೆಣ್ಣಿನ ಕಡೆಯವರಿಗೆ ಒಂದು ಮಾತು ಹೇಳಿ ಇಬ್ಬರನ್ನೂ ಒಂದು ಕಡೆ ನಿಲ್ಲಿಸುತ್ತಿದ್ದ. ಇಲ್ಲೂ ಒಂದು ಕಡೆಯವರನ್ನಾದರೂ ಕರೆಸಬಹುದಲ್ಲ ಎಂದು ಅವನಿಗೆ ಹೊಳೆಯಿತು.

ಪಟ್ಟಣದ ಮಾಂಸದಂಗಡಿಯ ಹಿಂದೆ ಕರುಳು, ಚರ್ಬಿ, ಬೇಡದ್ದೆಲ್ಲ ರಾಶಿ ಬಿದ್ದಿರುತ್ತದೆ. ಇಂದುಧರ ಒಂದು ಚೀಲ ತುಂಬಿಕೊಂಡು ಬಂದ. ಆಶ್ರಮದ ಹಾದಿಯಲ್ಲಿ ಬಾಡು ತರುವುದೆಂದರೆ ಸಣ್ಣ ಮಾತಲ್ಲ. ರೇವಯ್ಯನವರು ಉಳ್ಳಾಗಡ್ಡಿಯನ್ನೂ ಮುಟ್ಟದವರು. ಆದ್ದರಿಂದ ಗುಡ್ಡದ ಹಿಂಬದಿಯಿಂದ ಹತ್ತಿ, ತುದಿಯ ಬಂಡೆಯ ಕೆಳಗೆ ಕಣಿವೆಗೆ ಚಾಚಿದ ಹಾಸುಗಲ್ಲಿನ ಮೇಲೆ ಸುರಿದ.

ಮೊದಲ ಸಲ ಒಂದೆರಡು ಹದ್ದು ಬಂದವು. ಮುಂದಿನ ಸಲ ಹತ್ತಾರು ಬಂದವು. ಆಮೇಲಾಮೇಲೆ ಅವನ ಮೋಟರ್ ಸೈಕಲ್ ಕಂಡರೆ ಸಾಕು, ಮೇಲೆ ಸುತ್ತಲು ಶುರು ಮಾಡುತ್ತಿದ್ದವು. ವಿಮಾನ ಬರದ ದಿನಗಳಲ್ಲೂ ಅವನು ಸುರಿದ. ನೆಂಟರಿಗೆ ಮನೆ ಅಭ್ಯಾಸವಾಗಲಿ ಎಂದು.

ಆ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ವಿಮಾನ ಬರುವಂಥ ಬೆಳಿಗ್ಗೆ. ಇಂದುಧರ ಎರಡು ಚೀಲ ಸುರಿದು, ಮುಕ್ಕಾಲಿಯ ಮೇಲೆ ಕ್ಯಾಮೆರಾ ಕೂರಿಸಿ, ಕಣಿವೆಯ ಬಾಯಿಗೆ ಗುರಿ ಇಟ್ಟು ಕೂತಿದ್ದ. ಕ್ಯಾಮೆರಾದ ಕಣ್ಣಿನಲ್ಲಿ ಹದ್ದುಗಳು ಒಂದರ ಮೇಲೊಂದು ಸುತ್ತುತ್ತಿದ್ದವು.

ಹಿಂದೆ ಏದುಸಿರು ಕೇಳಿಸಿತು. ತಿರುಗಿದರೆ ರೇವಯ್ಯ. ಮೊಣಕಾಲು ನೋವೆಂದು ವರ್ಷದಿಂದ ಗುಡ್ಡ ಹತ್ತದಿದ್ದ ಮುದುಕರು ಕೋಲೂರಿಕೊಂಡು ತುದಿಗೆ ಬಂದಿದ್ದರು.

"ಇಂದುಧರ."

"ರೀ."

"ಇಷ್ಟು ಹದ್ದು ಯಾಕ ಬಂದಾವ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಂದುಧರ ಥಟ್ಟನೆ ಎದ್ದು ಕೈ ಮುಗಿದ.

"ತಪ್ಪಾತ್ರಿ ಅಜ್ಜಾರ. ಆಶ್ರಮದ ಗುಡ್ಡಕ್ಕ ಬಾಡು ತಂದೀನಿ. ಹೊಲಸು ಮಾಡೀನಿ. ಈಗಿಂದೀಗ ನದಿಯೊಳಗ ಮುಳುಗಿ ಬರ್ತೀನಿ. ಕಲ್ಲೆಲ್ಲಾ ತೊಳೀತೀನಿ."

"ಬಾಡಿನ ಮಾತು ಯಾರು ಕೇಳ್ಯಾರ? ಎಲ್ಲಿ ಹಾಕಿದಿ?"

"ಕೆಳಗಿನ ಹಾಸುಗಲ್ಲಿನ ಮ್ಯಾಲರಿ."

"ಹದ್ದು ಎಲ್ಲಿ ತಿರುಗಲಿಕತ್ತಾವ?"

ಇಂದುಧರ ನೋಡಿದ. ಕ್ಯಾಮೆರಾದೊಳಗಿಂದ ಎಷ್ಟೋ ದಿನದಿಂದ ನೋಡಿದ್ದನ್ನು ಈಗ ಬರಿಗಣ್ಣಿನಲ್ಲಿ ನೋಡಿದ. ಕಣಿವೆಯ ಬಾಯಿಗೆ ಅಡ್ಡಲಾಗಿ, ಈ ಗುಡ್ಡದಿಂದ ಆ ಗುಡ್ಡದವರೆಗೆ ಹದ್ದುಗಳು ತುಂಬಿದ್ದವು.

"ವಿಮಾನ ಎಲ್ಲಿಂದ ಬರ್ತದ?"

ಅವನ ಕಣ್ಣು ನದಿಯ ತಿರುವಿಗೆ ಹೋಗಿ, ಮತ್ತೆ ಹದ್ದುಗಳ ಮೇಲೆ ಬಂತು.

"ಒಂದು ಹದ್ದು ಇಂಜಿನ್ ಒಳಗ ಹೊಕ್ರ ಸಾಕು, ಇಂಜಿನ್ ನಿಲ್ತದ. ಇಂಥಾ ಸಂದಿಯೊಳಗ ನಿಂತ್ರ ಇಳೀಲಿಕ್ಕೆ ಜಾಗ ಇಲ್ಲ, ಏಳಲಿಕ್ಕೆ ಹೊತ್ತಿಲ್ಲ." ರೇವಯ್ಯನವರ ದನಿ ಏರಲಿಲ್ಲ. "ಹಕ್ಕಿಗೆ ಎಡಿ ಇಡೋದು ಸತ್ತವರ ಹೆಸರಿಲೆ. ನೀ ಯಾರ ಹೆಸರಿಲೆ ಇಟ್ಟಿ?"

ಇಂದುಧರ ಕಿಸೆಯಿಂದ ಫೋನ್ ತೆಗೆದ. ಗುಡ್ಡದ ಮೇಲೆ ಅದು ಬರೀ ಗಡಿಯಾರ. ಸಿಗ್ನಲ್ ಸಿಕ್ಕಿದ್ದರೂ ಯಾರಿಗೆ ಹಚ್ಚಬೇಕು, ಏನೆಂದು ಹೇಳಬೇಕು? ಕಲ್ಲು ಆರಿಸಿ ಬೀಸಿದ. ಹೋ ಎಂದು ಕೂಗಿದ. ಹದ್ದುಗಳು ಒಂದಿಷ್ಟು ಮೇಲೆದ್ದು, ಒಂದು ಸುತ್ತು ಹಾಕಿ, ಮತ್ತೆ ಅಲ್ಲಿಗೇ ಬಂದವು. ಪಂಕ್ತಿಯಲ್ಲಿ ಎಲೆ ಮುಂದೆ ಕೂತವರನ್ನು ಕೂಗಿ ಎಬ್ಬಿಸಲಾಗುತ್ತದೆಯೇ?

"ಎಲ್ಲಾ ನದಿಗೆ ನೂಕಿಬಿಡ್ತೀನ್ರಿ."

"ಹದ್ದೂ ನದಿಗೆ ಇಳೀತಾವ. ಸಂದಿ ಬಿಡಂಗಿಲ್ಲ."

"ಮತ್ತ ಏನು ಮಾಡ್ಲಿರಿ?"

ರೇವಯ್ಯ ಬಂಡೆಯ ಅಂಚಿಗೆ ಹೋಗಿ, ಕೂತು, ಅಂಡು ಸರಿಸುತ್ತ ಹಾಸುಗಲ್ಲಿಗೆ ಇಳಿದರು. ಹೆಗಲ ಮೇಲಿನ ಬಿಳಿ ವಸ್ತ್ರವನ್ನು ಕಲ್ಲಿನ ಮೇಲೆ ಹಾಸಿದರು. ಎರಡೂ ಕೈಯಿಂದ ಕರುಳು ಬಾಚಿ ಬಾಚಿ ಅದಕ್ಕೆ ತುಂಬತೊಡಗಿದರು.

ಪೂಜೆಯ ವಿಭೂತಿ ಇನ್ನೂ ಆರದ ಕೈ ಅದು. ಇಂದುಧರನಿಗೆ ನಾಚಿಕೆಯಿಂದ ಅಳು ಬಂತು. ಜಿಗಿದು ಅವನೂ ಬಾಚಿದ. ಹದ್ದುಗಳು ತಲೆಯ ಮೇಲೆಯೇ ಕಿರುಚುತ್ತಿದ್ದವು.

"ಇದನ್ನ ಹಿಂದಿನ ಬಯಲಿಗೆ ಒಯ್ಯಬೇಕು. ಊಟ ಹೋದ ಕಡೆ ಅವು ಹೋಗ್ತಾವ" ಎಂದು ರೇವಯ್ಯ ಗಂಟು ಕಟ್ಟಿ ಎತ್ತಲು ಹೋದರು. ಮೊಣಕಾಲು ಮೇಲೇಳಲಿಲ್ಲ.

ಆಗಲೇ ಮೇಲೆ ಸದ್ದಾಯಿತು. ಎತ್ತರದಲ್ಲಿ, ಬಿಸಿಲಿನಲ್ಲಿ ಮಿನುಗುತ್ತ, ಎರಡು ವಿಮಾನ ಹಾದುಹೋದವು. ಇನ್ನು ದಿಗಂತದಲ್ಲಿ ತಿರುಗಿ ಬರುವುದಷ್ಟೇ ಬಾಕಿ.

ಇಂದುಧರ ಗಂಟು ಎತ್ತಿಕೊಂಡು ಮೇಲೆ ಹತ್ತಿದ. ಹತ್ತಿದವನು ನಿಂತ.

ಸುಳ್ಳು ಯಾಕೆ ಹೇಳಬೇಕು, ಅವನು ನಿಂತ. ಎದುರಿಗೇ ಮುಕ್ಕಾಲಿ. ಗುರಿ ಕಟ್ಟಿಯಾಗಿತ್ತು, ಬೆಳಕು ಹೇಳಿ ಮಾಡಿಸಿದ ಹಾಗಿತ್ತು, ಹದ್ದುಗಳು ಇನ್ನೂ ಸಂದಿಯಲ್ಲೇ ಇದ್ದವು. ಎಲ್ಲಾ ಸಲವೂ ಏನಾದರೂ ಆಗಿಯೇ ತೀರುತ್ತದೆ ಎಂದೇನಿಲ್ಲವಲ್ಲ, ಒಂದು ಸಲ, ಇದೊಂದೇ ಸಲ, ಎಂದು ಮನಸ್ಸು ಪಿಸುಗುಟ್ಟಿತು. ಆ ಪಿಸುಮಾತು ತನ್ನದೇ ಎಂದು ತಿಳಿದು ಅವನಿಗೆ ಭಯವಾಯಿತು.

ಕೆಳಗಿನಿಂದ ರೇವಯ್ಯ ಹೇಳಿದರು. "ತರಬೇತಿ ವಿಮಾನ, ತಮ್ಮ. ಒಳಗ ಇಬ್ಬರಿರ್ತಾರ. ಮುಂದ ಕಲಿಯಾಂವ, ಹಿಂದ ಕಲಿಸಾಂವ."

ಇಂದುಧರ ಓಡಿದ.

ಗುಡ್ಡದ ಹಿಂಬದಿ ಕುರುಚಲು ಕಾಡು, ಸಡಿಲು ಕಲ್ಲು. ಎರಡು ಸಲ ಬಿದ್ದ. ಬಯಲಿಗೆ ಬಂದು ಮೇಲೆ ನೋಡಿದರೆ ಅರ್ಧ ಹದ್ದು ಮಾತ್ರ ಹಿಂದೆ ಬಂದಿದ್ದವು. ಉಳಿದವು ಗುಡ್ಡದ ನೆತ್ತಿಯ ಮೇಲೆ, ಬರಲೋ ಬೇಡವೋ ಎಂದು ತೂಗಾಡುತ್ತಿದ್ದವು. ಗಂಟು ಕಟ್ಟಿದ್ದರಿಂದ ಒಳಗಿನದು ಅವುಗಳಿಗೆ ಕಾಣುತ್ತಿರಲಿಲ್ಲ.

ಗುಡ್ಡದ ಮೇಲಿನಿಂದ ರೇವಯ್ಯನವರ ಕೂಗು ಕೇಳಿಸಿತು.

"ಕುರಿ ತಲಿ ಎತ್ಯಾವ."

ಇಂದುಧರ ಗಂಟು ಬಿಚ್ಚಿದ. ಒಂದು ಉದ್ದನೆಯ ಕರುಳು ಹಿಡಿದು ತಲೆಯ ಮೇಲೆ ಎತ್ತಿ ಗರಗರ ಬೀಸಿದ. ಹದ್ದುಗಳ ಕಣ್ಣಿಗೆ ಅದು ಬಿತ್ತು. ನೆತ್ತಿಯ ಮೇಲಿದ್ದವೂ ರೆಕ್ಕೆ ಮಡಿಚಿ ಒಂದೇ ಸಮ ಅವನ ಮೇಲೆ ಇಳಿದವು. ಒಂದರ ಉಗುರು ತಲೆಯನ್ನು ಸೀಳಿತು, ಇನ್ನೊಂದು ಮುಂಗೈಯ ಚರ್ಮ ಕಿತ್ತಿತು. ಹಣೆಯಿಂದ ಇಳಿದ ರಕ್ತ ಕಣ್ಣಿಗೆ ಬಂತು. ಅವನು ಕೈ ಇಳಿಸಲಿಲ್ಲ.

ತಿರುಗಿ ನೋಡಬೇಕು ಎಂದು ಕುತ್ತಿಗೆ ಎಳೆಯುತ್ತಿತ್ತು. ತಿರುಗಿದರೆ ಕೈ ತಗ್ಗುತ್ತದೆ, ಕೈ ತಗ್ಗಿದರೆ ಹದ್ದು ಚೆದುರುತ್ತವೆ. ಅವನು ತಿರುಗಲಿಲ್ಲ.

ಒಂದು ಸದ್ದು ಬೆನ್ನಿಗೆ ಬಡಿದು ಗುಡ್ಡದಾಚೆ ಹಾದುಹೋಯಿತು. ಒಂದು ಹೋಯಿತು.

ಇನ್ನೊಂದು ಬರಬೇಕು. ಅವು ಜೋಡಿಯಾಗಿಯೇ ಬರುತ್ತವೆ, ಒಂದರ ಬೆನ್ನಿಗೆ ಒಂದು. ಬರಲಿಲ್ಲ. ಹದ್ದುಗಳ ಕಿರುಚಾಟ ಬಿಟ್ಟರೆ ಬೇರೆ ಸದ್ದಿಲ್ಲ. ಇಂದುಧರ ತನ್ನ ತಾಯಿಯ ಉಸಿರು ನಿಂತಿತೋ ಇಲ್ಲವೋ ಎಂದು ಆಸ್ಪತ್ರೆಯಲ್ಲಿ ಹಿಂದೊಮ್ಮೆ ಕಿವಿಗೊಟ್ಟಿದ್ದ; ಅಂದು ಕೇಳಿದ ಹಾಗೆ ಈಗ ಕೇಳಿದ. ಮುಖ ಗೊತ್ತಿಲ್ಲದ ಇಬ್ಬರ ಹೆಸರು ಹಿಡಿದು ಬೇಡಿಕೊಳ್ಳೋಣವೆಂದರೆ ಹೆಸರೂ ಗೊತ್ತಿಲ್ಲ. ಇಬ್ಬರು, ಇಬ್ಬರು, ಎಂದಷ್ಟೇ ಬಾಯಲ್ಲಿ ಬಂತು.

ಆಮೇಲೆ ಎರಡನೆಯ ಸದ್ದು ಬಂತು. ಬಂದು, ಹಾದು, ದೂರವಾಗಿ, ನಿಂತಿತು.

ಅವನು ಕರುಳನ್ನು ಬಯಲಿನಲ್ಲಿ ಬಿಸಾಡಿ ಅಲ್ಲೇ ಕುಸಿದು ಕೂತ. ಹದ್ದುಗಳು ಅವನನ್ನು ಮರೆತು ತಮ್ಮ ಊಟಕ್ಕೆ ಇಳಿದವು.

ಗುಡ್ಡ ಮತ್ತೆ ಹತ್ತಲು ಬಹಳ ಹೊತ್ತು ಹಿಡಿಯಿತು. ರೇವಯ್ಯ ಹೇಗೋ ಹಾಸುಗಲ್ಲಿನಿಂದ ಮೇಲೆ ಬಂದು ಕ್ಯಾಮೆರಾದ ಪಕ್ಕದಲ್ಲಿ ಕೂತಿದ್ದರು. ಕೈಗೆ ಅಂಟಿದ್ದು ಒಣಗಿ ಕಪ್ಪಾಗಿತ್ತು.

"ಎರಡೂ ಹೋದ್ವಾ, ಅಜ್ಜಾರ?"

"ಹೋದ್ವು."

"ಎರಡನೇದು ತಡಾ ಆತಲ್ರಿ."

"ಹಿಂದ ಉಳದಿತ್ತು. ಇನ್ನೂ ಹೊಸದಾಗಿ ಕಲಿಯಾಂವ ಇರಬೇಕು."

ಇಂದುಧರ ಅವರ ಕಾಲ ಹತ್ತಿರ ಕೂತು ಅತ್ತ. ಮದುವೆ ಮನೆಗಳಲ್ಲಿ ಎಷ್ಟೋ ಜನರ ಅಳು ಹಿಡಿದವನಿಗೆ ತನ್ನದು ಇಷ್ಟಿದೆ ಎಂದು ಗೊತ್ತಿರಲಿಲ್ಲ. ಅಳು ನಿಂತ ಮೇಲೆ ರೇವಯ್ಯ ಕೂತಲ್ಲೇ ಬಾಗಿ ಅವನ ತಲೆಯ ಗಾಯ ನೋಡಿದರು.

"ಹದ್ದು ಎಲ್ಲಾ ನನ್ನ ಹಿಂದ ಬಂದಿದ್ವಾ?"

"ಒಂದು ಉಳದಿತ್ತು."

"ಎಲ್ಲಿರಿ?"

ರೇವಯ್ಯ ಕಣಿವೆಯ ಬಾಯಿಯ ಕಡೆ ಬೆರಳು ಮಾಡಿದರು. ಕ್ಯಾಮೆರಾದ ಮೂತಿಯೂ ಅಲ್ಲಿಗೇ ತಿರುಗಿತ್ತು.

"ಎರಡನೇ ವಿಮಾನ ತಿರುವು ದಾಟಿದಾಗ ಅಲ್ಲೇ ತೇಲತಿತ್ತು. ರೆಕ್ಕಿ ಬಿಚ್ಚಿ."

ತಾನು ಹೆಸರಿಟ್ಟಿದ್ದ ಚಿತ್ರ. ಗುಂಡಿ ಮುದುಕರ ಕೈಗೆ ಎಟಕುವಷ್ಟು ಹತ್ತಿರದಲ್ಲಿತ್ತು. ಕೇಳಬಾರದು ಎಂದುಕೊಂಡೇ ಇಂದುಧರ ಕೇಳಿದ.

"ತಗದ್ರಿ?"

"ಇಲ್ಲ."

"ನೋಡಿದ್ರಿ?"

"ಇಲ್ಲ. ಕಣ್ಣು ಮುಚ್ಚಿಕೊಂಡೆ. ಸಪ್ಪಳ ದಾಟಿ ಹೋದ ಮ್ಯಾಲ ತೆರದೆ. ಹದ್ದೂ ಇತ್ತು, ವಿಮಾನನೂ ದೂರ ಹೊಂಟಿತ್ತು."

ಇಂದುಧರ ಭಕ್ತಿಯಿಂದ ತಲೆ ತಗ್ಗಿಸಿದ.

"ನಿಮಗ ಅಂಥಾ ಚಿತ್ರದ ಆಸೆ ಎಲ್ಲಿರಬೇಕ್ರಿ."

"ಇತ್ತು, ತಮ್ಮ" ಎಂದರು ರೇವಯ್ಯ. "ಅದಕ್ಕ ಕಣ್ಣು ಮುಚ್ಚಿಕೊಂಡೆ."